ಆರು ಜನರ ಹಾಜರಿ, ಒಂದು ಗಿಡ್ಡ ನರಿ

“ಅತ್ತೆ, ನೀವು ಇವ್ರ ಹತ್ರ ಮಾತಾಡ್ತಿದ್ದೀರೋ, ಹಾಜರಿ ಕರೀತಿದ್ದೀರೋ?”

ತಮ್ಮನ ಮಗಳು ವೀಣಾ ಹೀಗೆ ಕೇಳಿದಾಗ ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಎರಡು ಸಾವಿರದ ದಶಕದ ಮಾತು. ನಾನು ಆಗಷ್ಟೇ ಶಿಕ್ಷಕಿ ಕೆಲಸದಿಂದ ನಿವೃತ್ತಳಾಗಿದ್ದೆ. ಯಲ್ದೂರಿನ ತೋಟದಲ್ಲಿ ಮಾವಿನ ಮರದಿಂದ ಬಿದ್ದು ಕಾಲು ಮುರಿದುಕೊಂಡ ವೀಣಾ, ಬೇಸಿಗೆ ರಜೆಯಿಡೀ ಮುಳಬಾಗಿಲಿನ ನಮ್ಮ ಮನೆಯಲ್ಲಿದ್ದಳು.

ಎದುರು ಮನೆಯ ಶಬಾನಾ ತನ್ನ ಅಣ್ಣನ ವಿಡಿಯೋ ಗೇಮ್ ತಂದು ನಮ್ಮ ಟಿವಿಗೆ ಜೋಡಿಸಿಕೊಟ್ಟಳು. ಜಪಾನಿನ ಆಟ. ಬೇರೆ ಲೋಕದಿಂದ ಜೊತೆಗಾರರನ್ನು ಆವಾಹನೆ ಮಾಡಿ ಕರೆಸಬೇಕು, ಚದುರಂಗದಂತೆ ಒಂದೊಂದೇ ಮನೆ ನಡೆಸಿ ಯುದ್ಧ ಗೆಲ್ಲಬೇಕು.

ಯುದ್ಧ ಮುಗಿದ ಸಂಜೆ ಒಬ್ಬ ಜೊತೆಗಾರನೊಡನೆ ಮಾತ್ರ ಮಾತನಾಡಬಹುದು. ಹಾಗೆ ಸ್ನೇಹ ಬೆಳೆಯಬೇಕು.

ಯುದ್ಧ ವೀಣಾಳದು. ಪರದೆಯಲ್ಲಿ ಬರುವ ಇಂಗ್ಲಿಷ್ ಮಾತು ಓದಿ, ಕನ್ನಡದಲ್ಲಿ ಹೇಳಿ, ಉತ್ತರ ಆರಿಸುವುದು ನನ್ನದು.

ಜೊತೆಗಾರರು ಆರು ಜನ. ನಾನು ಸರದಿ ಪ್ರಕಾರ ಹೋದೆ. ಇಂದು ಒಬ್ಬರಿಗೆ ಬುದ್ಧಿಮಾತು, ನಾಳೆ ಮುಂದಿನವರಿಗೆ. ತರಗತಿಯಲ್ಲಿ ಎಂದೂ ಪಕ್ಷಪಾತ ಮಾಡದವಳು ಇಲ್ಲೇಕೆ ಮಾಡಲಿ?

ಕೊನೆಯ ದಿನ ಬಂತು. ಮಧ್ಯಾಹ್ನದ ಬಸ್ಸಿಗೆ ಶಬಾನಾಳ ಅಣ್ಣ ಆಟವನ್ನು ಬೆಂಗಳೂರಿಗೆ ಒಯ್ಯುವವನಿದ್ದ.

ಕೊನೆಯ ರಾಕ್ಷಸನನ್ನು ಸೋಲಿಸಲು ಸ್ನೇಹ ಪೂರ್ಣವಾಗಿರುವ ಒಬ್ಬ ಜೊತೆಗಾರ ಬೇಕು. ನೋಡಿದರೆ ಆರೂ ಜನರದು ಅರ್ಧಂಬರ್ಧ...

“ಒಬ್ರೂ ಫ್ರೆಂಡ್ ಆಗ್ಲಿಲ್ಲ ನೋಡಿ,” ಎಂದಳು ವೀಣಾ. ಕಣ್ಣು ತುಂಬಿತ್ತು.

ಆಟದಲ್ಲಿ ಇನ್ನೆರಡು ಸಂಜೆಗಳು ಉಳಿದಿದ್ದವು. ನಾನು ಎರಡನ್ನೂ ಆ ಆರರಲ್ಲಿ ಒಂದಾದ ಗಿಡ್ಡ ನರಿಗೆ ಕೊಟ್ಟೆ. ಯಾವ ಯುದ್ಧದಲ್ಲೂ ಹೆಸರು ಮಾಡದ, ಸದಾ ಗೊಣಗುವ ಪ್ರಾಣಿ ಅದು.

ಎರಡನೆಯ ಸಂಜೆ ನರಿ ತನಗೆ ಭಯವೆಂದಿತು. ಉತ್ತರಗಳು ಮೂರು: ಇನ್ನೂ ಅಭ್ಯಾಸ ಮಾಡು, ಧೈರ್ಯವಾಗಿರು, ಮಾತಿಲ್ಲದೆ ಪಕ್ಕದಲ್ಲಿ ಕೂರುವುದು.

ನನ್ನ ಬೆರಳು ಮೊದಲನೆಯದಕ್ಕೇ ಹೋಯಿತು.

“ಪಾಠ ಬೇಡ ಅತ್ತೆ. ಸುಮ್ನೆ ಕೂತ್ಕೊಳ್ಳಿ.”

ಮೂರನೆಯದನ್ನು ಆರಿಸಿ ಕುಳಿತೆ. ನರಿಯ ಸ್ನೇಹ ಪೂರ್ಣವಾಯಿತು.

ಕೊನೆಯ ಯುದ್ಧ. ನರಿಯ ಪ್ರಾಣ ಚೂರೇ ಉಳಿದಿದೆ. ವೀಣಾ ಗುಂಡಿ ಒತ್ತುತ್ತಾಳೆ. ಅದರ ಸುತ್ತ ಬೆಳಕಿನ ಚಕ್ರ ಹೊತ್ತಿಕೊಳ್ಳುತ್ತದೆ... ರಾಕ್ಷಸ ಉರುಳುತ್ತಾನೆ. ವೀಣಾ ತನ್ನ ಪ್ಲಾಸ್ಟರ್ ಕಾಲನ್ನೇ ತಬಲಾದಂತೆ ಬಾರಿಸುತ್ತಾಳೆ.

ಬಾಗಿಲಲ್ಲಿ ಶಬಾನಾ: “ಟೀಚರ್, ಬಸ್ ಬರೋ ಹೊತ್ತಾಯ್ತು.”

“ಇರಮ್ಮ, ನರಿ ಏನೋ ಹೇಳ್ತಿದೆ,” ಎಂದೆ.

ಗೆದ್ದ ಮೇಲೆ ಅದು ತನ್ನ ಲೋಕಕ್ಕೆ ಮರಳಬಹುದಿತ್ತು. ‘ಅವತ್ತು ನೀನು ನನ್ನ ಪಕ್ಕ ಕೂತೆಯಲ್ಲ, ಅದಕ್ಕೇ ನಾನೂ ಇಲ್ಲೇ ಇರ್ತೀನಿ’ ಎಂದು ಪರದೆಯ ಮೇಲೆ ಬಂತು. ಅದನ್ನು ಕನ್ನಡದಲ್ಲಿ ಎರಡು ಸಲ ಹೇಳಿದೆ. ಶಬಾನಾಳೂ ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತಳು.

ನನ್ನ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರ ಸರದಿ ಬಂದಾಗ ನಾನು ಬರೀ ಬುದ್ಧಿ ಹೇಳಿ ಮುಂದಿನ ಹೆಸರು ಕರೆದುಬಿಟ್ಟಿದ್ದೆ?