ಫ್ರೀಜರ್‌ನಲ್ಲಿ ಸಿಕ್ಕಿದ ಗ್ಯಾಸ್ಕೆಟ್

ಇವತ್ತು ಬೆಳಿಗ್ಗೆ ಫ್ರೀಜರ್ ತೆಗೆದರೆ ಒಳಗೆ ನಮ್ಮ ಬಟನ್ ಕೆಟ್ಟ ಟೀವಿ ರಿಮೋಟ್! ಅಮ್ಮ ಇಟ್ಟು ಮರೆತಿದ್ದಳು. ಪಾಪ, ಮುಖ ಸಣ್ಣಗೆ ಮಾಡಿಕೊಂಡು ನಿಂತಳು.

ನಾನು ಚಿಕ್ಕವಳಿದ್ದಾಗ, ತ್ಯಾಗರಾಜನಗರದ ಮನೆಯಲ್ಲಿ ಅಜ್ಜಿಗೂ ಹೀಗೇ ಮರೆವು. ಒಮ್ಮೆ ಸಡಿಲವಾಗಿದ್ದ ಕುಕ್ಕರ್ ಗ್ಯಾಸ್ಕೆಟ್ಟನ್ನು ಫ್ರೀಜರ್‌ನಲ್ಲಿಟ್ಟು, ಮನೆಯೆಲ್ಲ ಹುಡುಕಿಸಿಬಿಟ್ಟರು. ಅಪ್ಪ ರೇಗಿದರು. ಅಜ್ಜಿ ಅಡುಗೆಮನೆಗೆ ಕಾಲಿಡಲೇ ಹೆದರಿದರು. ಆದರೆ ವಾರದಿಂದ ಬರೀ ಆವಿ ಬಿಡುತ್ತಿದ್ದ ಕುಕ್ಕರ್, ಚಳಿಗೆ ಬಿಗಿದುಕೊಂಡಿದ್ದ ಆ ಗ್ಯಾಸ್ಕೆಟ್ ಹಾಕಿದ್ದೇ ತಡ, ಜೋರಾಗಿ ವಿಷಲ್ ಹೊಡೆಯಿತು.

ಪಕ್ಕದ ಮನೆ ಆಂಟಿ ಬಂದಾಗ ಅಮ್ಮ ಅಜ್ಜಿಗೆ ಕೇಳಿಸುವಂತೆಯೇ ಹೇಳಿದಳು: "ನಮ್ಮತ್ತೆ ಕಂಡುಹಿಡಿದಿದ್ದು ರೀ, ನೀವೂ ಮಾಡ್ನೋಡಿ."

ಮಾರನೇ ದಿನ ಕುಕ್ಕರ್ ಇಟ್ಟಿದ್ದು ಅಜ್ಜಿಯೇ.

ರಿಮೋಟಿನ ಮಂಜು ಒರೆಸಿ ಅಮ್ಮನ ಕೈಗೆ ಕೊಟ್ಟೆ. "ಒತ್ತಿ ನೋಡಮ್ಮ, ಆ ಕೆಟ್ಟ ಬಟನ್ನೂ ಸರಿಹೋಗಿರ್ಬಹುದು."