ಸುಮತಿಬಾಯಿಯವರ ಗುಲಾಬಿ ಕಾರ್ಡು

ಸುಮತಿಬಾಯಿಯವರು ನನ್ನ ಪ್ರೆಸ್ಸಿನ ಬಾಗಿಲಲ್ಲಿ ನಿಂತರೆಂದರೆ ರಸ್ತೆಯಲ್ಲಿ ಹೋಗುವವರಿಗೆ ಬಿಡುಗಡೆಯಿಲ್ಲ. ಒಂದು ಕೈಯಲ್ಲಿ ಹಸಿ ಮಸಿಯ ಪ್ರೂಫು, ಇನ್ನೊಂದು ಕೈಯಿಂದ ಕರೆಯುವುದು. ಕುರಿ ಹೊಡೆದುಕೊಂಡು ಹೋಗುವವನಿರಲಿ, ಕಬ್ಬಿನ ಗಾಡಿಯವನಿರಲಿ, ಹಿಡಿದು ನಿಲ್ಲಿಸಿ ಓದಿ ಹೇಳಿ, ಆಮೇಲೆ ಕೇಳುವರು: "ಕೇಳಿದ್ದು ಸಾಕು. ಈಗ ಮನ್ಯಾಗ ಏನ ಮಾಡ್ತಿ ಹೇಳು."

ಅವರು ರಾಯಬಾಗದ ದವಾಖಾನೆಯ ನರ್ಸು. ನನ್ನದು ಅದೇ ಊರಿನಲ್ಲಿ ಲಗ್ನಪತ್ರಿಕೆ, ಬಿಲ್‌ಬುಕ್ಕು ಮುದ್ರಿಸುವ ಸಣ್ಣ ಪ್ರೆಸ್ಸು. ಎಂಬತ್ತರ ದಶಕದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಕೂಸುಗಳಿಗೆ ಜುಲಾಬು ಹತ್ತಿದರೆ ನೀರನ್ನೇ ನಿಲ್ಲಿಸಿಬಿಡುತ್ತಿದ್ದರು. ಕುಡಿಸಿದಷ್ಟೂ ಹೆಚ್ಚಾಗುತ್ತದೆಂಬ ನಂಬಿಕೆ. ಬಾಯಾರಿ ಒಣಗಿದ ಕೂಸುಗಳನ್ನು ಮಡಿಲಲ್ಲಿ ಹಾಕಿಕೊಂಡು ಬರುವ ತಾಯಂದಿರನ್ನು ನೋಡಿ ನೋಡಿ ಸುಮತಿಬಾಯಿ ಒಂದು ಹಾಳೆ ಮುದ್ರಿಸಬೇಕೆಂದು ಹಟ ಹಿಡಿದರು.

ಮೇಲಿನ ಕಚೇರಿಯಿಂದ ಬಂದ ಮಾದರಿಯಲ್ಲಿ "ಅತಿಸಾರದಿಂದ ಉಂಟಾಗುವ ನಿರ್ಜಲೀಕರಣ" ಎಂದಿತ್ತು. ಅವರು ಅದನ್ನು ಒಬ್ಬ ಕುರಿಗಾರ ಅಜ್ಜನಿಗೆ ಓದಿ ಹೇಳಿದರು. ಅಜ್ಜ ಅದನ್ನು ಕೋರ್ಟಿನ ನೋಟೀಸೆಂದು ತಿಳಿದು ಗಂಭೀರವಾಗಿ, "ಯಾರ ಹೊಲ ಜಪ್ತಿ ಮಾಡ್ತಾರ್ರಿ, ಬಾಯಾರ?" ಎಂದ. ನಾನು ನಕ್ಕೆ. ಅವರು ನಗಲಿಲ್ಲ. "ನಗಬ್ಯಾಡ್ರಿ ಮಲ್ಲಪ್ಪಣ್ಣಾರ. ತಪ್ಪು ಅಜ್ಜಂದಲ್ಲ, ಕಾಗದದ್ದು," ಎಂದು ಅಲ್ಲೇ ಬೆಂಚಿನ ಮೇಲೆ ಕುಳಿತು ಹೊಡೆದು ಹಾಕಿ ಬರೆದರು: "ಜುಲಾಬು ಹತ್ತಿದ ಕೂಸಿಗೆ ನೀರು ನಿಲ್ಲಿಸಬೇಡಿ. ದವಾಖಾನೆಯ ಪುಡಿ ಕಲಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಿ." ಅವರು ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನರ ಮನೆಯ ಹೆಣ್ಣುಮಗಳು. ಎಷ್ಟೋ ದಿನ ಪ್ರೂಫಿನ ಗಲಾಟೆಯಲ್ಲಿ ಸೂರ್ಯ ಇಳಿದುಹೋಗಿ, ಉಪವಾಸವೇ ಗತಿಯಾಗುತ್ತಿತ್ತು.

ಮೊದಲ ಸಲ ತೆಳ್ಳನೆ ಹಾಳೆಯಲ್ಲಿ ಮುದ್ರಿಸಿದೆವು. ಮುಂದಿನ ಸಂತೆಯಲ್ಲಿ ಅವರಿಗೆ ಬಜಿ ಕಟ್ಟಿಕೊಟ್ಟದ್ದು ಅದೇ ಹಾಳೆಯಲ್ಲಿ! ಪುಡಿಕೆ ಹಿಡಿದುಕೊಂಡೇ ಪ್ರೆಸ್ಸಿಗೆ ಬಂದರು. "ನೋಡ್ರಿ, ನನ್ನ ಮಾತು ಎಣ್ಣಿ ಕುಡದು ಕುಂತೈತಿ. ಲಗ್ನಪತ್ರಿಕಿ ಯಾರರ ಹರೀತಾರೇನು? ಇದನ್ನೂ ಹಂಗ ಮಾಡ್ರಿ."

ಲಗ್ನಪತ್ರಿಕೆಯೆಂದರೆ ನನಗೆ ಹೇಳಿಕೊಡಬೇಕೆ? ಗುಲಾಬಿ ಬಣ್ಣದ ದಪ್ಪ ಕಾರ್ಡು, ಸುತ್ತ ಮಾವಿನೆಲೆಯ ಅಂಚು, ನೆತ್ತಿಯ ಮೇಲೆ 'ಶ್ರೀ'. ನೋಡಿದವರು ಯಾರ ಲಗ್ನವೆಂದು ಕೇಳಬೇಕು, ಹಾಗಿತ್ತು. ಸುಮತಿಬಾಯಿ ಮಗುವಿನಂತೆ ಖುಷಿಪಟ್ಟರು. ಪಕ್ಕದ ಹಳ್ಳಿ ದಿಗ್ಗೇವಾಡಿಯ ಮನೆಮನೆಗೂ ಹಂಚಿಸಿದರು.

ಬೇಸಿಗೆಯಲ್ಲಿ ಅದೇ ದಿಗ್ಗೇವಾಡಿಯಿಂದ ಒಂದು ಕೂಸು ಬಂತು. ಕಣ್ಣು ಗುಳಿಬಿದ್ದಿದ್ದವು, ಅಳಲೂ ತ್ರಾಣವಿರಲಿಲ್ಲ. ಹಿಂದಿನ ದಿನದಿಂದ ಹನಿ ನೀರು ಕೊಟ್ಟಿರಲಿಲ್ಲ. ಕಾರ್ಡು ಕೊಟ್ಟಿರಲಿಲ್ಲವೇ ಎಂದು ಇವರು ಸಿಟ್ಟಿನಿಂದ ಕೇಳಿದರೆ ಆ ತಾಯಿ, "ಕೊಟ್ಟಾರ್ರಿ. ಜಗಲಿ ಮ್ಯಾಲ ದೇವರ ಬಾಜೂಕ ಇಟ್ಟೇವ್ರಿ. ದಿನಾ ಕುಂಕುಮ ಹಚ್ಚತೇನ್ರಿ," ಎಂದಳಂತೆ.

ಕೂಸು ಬದುಕಿತು. ಆದರೆ ಮರುದಿನ ಸುಮತಿಬಾಯಿ ಪ್ರೆಸ್ಸಿಗೆ ಬಂದು ಬೆಂಚಿನ ಮೇಲೆ ಕುಳಿತರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಮೊದಲಿಂದು ಸಂತ್ಯಾಗ ಹೋತು, ಇದು ದೇವರ ಕಡೆ ಹೋತು. ಕೂಸಿನ ಕಡೆ ಒಂದೂ ಬರಲಿಲ್ಲಲ್ರಿ ಅಣ್ಣಾರ," ಎಂದರು.

ಆಗ ನನ್ನ ಹೆಂಡತಿ ಚಹಾ ತಂದವಳು ಯಾವುದೋ ಲಗ್ನದ ಸುದ್ದಿ ತೆಗೆದು, "ಸೋಮವಾರ ಅಕ್ಕಿಕಾಳಂತ, ಹೇಳಿ ಹೋಗ್ಯಾರ," ಎಂದಳು. ಸುಮತಿಬಾಯಿ ತಟ್ಟನೆ ತಲೆಯೆತ್ತಿದರು. "ಪತ್ರಿಕಿ ಓದಿದಿ ಏನವಾ?" "ಇಲ್ರಿ. ಕುಂಕುಮ ಹಚ್ಚಿ ಬಾಯಿಲೆ ಹೇಳಿದ್ರಲ್ಲ." ಅಷ್ಟೇ ಸಾಕಾಯಿತು. ಅರ್ಧ ಚಹಾ ಬಿಟ್ಟು ಎದ್ದರು.

ಅಂದಿನಿಂದ ಅವರು ಕುಂಕುಮದ ಭರಣಿ ಹಿಡಿದು ಲಗ್ನಕ್ಕೆ ಕರೆಯುವವರಂತೆ ಮನೆಮನೆಗೆ ಹೋಗತೊಡಗಿದರು. ಕುಂಕುಮ ಹಚ್ಚುವುದು, ಆ ಮನೆಯವಳ ಕೈಯಿಂದಲೇ ಪುಡಿ ಕಲಸಿಸುವುದು, ಏನು ಮಾಡಬೇಕೆಂದು ಅವಳ ಬಾಯಿಂದಲೇ ಹೇಳಿಸುವುದು. ಆಮೇಲೆ ದೇವರ ಜಗಲಿಯ ಮೇಲಿನ ಕಾರ್ಡು ತೆಗೆದು ಕುಡಿಯುವ ನೀರಿನ ಕೊಡದ ಮೇಲೆ ಗೋಡೆಗೆ ಅಂಟಿಸುವುದು. "ಕಾಗದಕ್ಕ ಬಾಯಿಲ್ಲ. ಮೊದಲ ನಾವು ಹೇಳಬೇಕು, ಆಮ್ಯಾಲ ಅದು ನೆನಪ ಮಾಡಿ ಕೊಡತೈತಿ," ಎನ್ನುತ್ತಿದ್ದರು. ದಿಗ್ಗೇವಾಡಿಯಿಂದ ಆಮೇಲೂ ಕೂಸುಗಳು ಬಂದವು. ತಾಯಂದಿರ ಕೈಯಲ್ಲಿ ಪುಡಿ ಕಲಸಿದ ನೀರಿನ ತಂಬಿಗೆಯೂ ಬಂತು.

ನಿವೃತ್ತಿಯಾಗಿ ತವರೂರು ಶಿರಗುಪ್ಪಿಗೆ ಹೋದ ಮೇಲೆ ಅವರಿಗೆ ಎದೆನೋವು ಬಂತು. ಮಿರಜಿನಲ್ಲಿ ತೋರಿಸಿಕೊಂಡು ಬಂದಿದ್ದರು. ನೋಡಲು ಹೋದ ನನಗೆ ಮೊದಲು ಕೊಟ್ಟದ್ದು ಅಲ್ಲಿಯ ಆಸ್ಪತ್ರೆಯ ಸೂಚನೆಯ ಹಾಳೆ. ಇರುವೆಯಂಥ ಅಕ್ಷರ. ನಾನು ಕಣ್ಣು ಕಿರಿದು ಮಾಡಿ ಓದತೊಡಗಿದೆ.

"ಓದೂದು ಸಾಕು. ಎದಿ ನೋವು ಬಂದ್ರ ಏನ ಮಾಡ್ತೀರಿ ಹೇಳ್ರಿ."

ನಾನು ಮತ್ತೆ ಹಾಳೆಯಲ್ಲೇ ಹುಡುಕತೊಡಗಿದೆ.

"ನನ್ನ ಬಾಜೂ ಹಾಸಿಗಿಯಾಕೀನೂ ಇದನ್ನ ಹಿಡಕೊಂಡು ಬರೇ ನನ್ನ ಮಾರಿ ನೋಡತಿದ್ಲು, ಪಾಪ. ಛಲೋತ್ನಂಗ ಮಾಡೂಣು ಅಣ್ಣಾರ. ದಪ್ಪ ಅಕ್ಷರ ಹಾಕ್ರಿ." ದಿಂಬಿಗೆ ಒರಗಿಕೊಂಡೇ ಸಾಲು ಸಾಲು ಹೇಳಿದರು, ನಾನು ಬರೆದುಕೊಂಡೆ. ಹೊರಡುವಾಗ, "ಪ್ರೂಫ್ ತರ್ರಿ ಮತ್ತ. ನಾ ನೋಡದ ಹೊಡೀಬ್ಯಾಡ್ರಿ," ಎಂದರು.

ಅಚ್ಚಿನ ಮೊಳೆ ಜೋಡಿಸಿ ಪ್ರೂಫು ತೆಗೆದ ದಿನವೇ ಅವರು ತೀರಿಕೊಂಡ ಸುದ್ದಿ ಬಂತು.

ಶಿರಗುಪ್ಪಿಗೆ ಹೋಗಿ ಅಂತ್ಯಕ್ರಿಯೆಯಲ್ಲಿ ನಿಂತು ಬಂದ ಮೇಲೂ ಆ ಪ್ರೂಫು ಮೇಜಿನ ಮೇಲೆಯೇ ಇತ್ತು. ಕಡೆಗೊಂದು ದಿನ ಅದನ್ನು ಹಿಡಿದು ಬಾಗಿಲಿಗೆ ಬಂದೆ. ಕಾಯಿಪಲ್ಯದ ಬುಟ್ಟಿ ಹೊತ್ತವಳೊಬ್ಬಳು ಹೋಗುತ್ತಿದ್ದಳು. ನಿಲ್ಲಿಸಿ ಓದಿ ಹೇಳಿ, ಏನು ಮಾಡುತ್ತೀರೆಂದು ಕೇಳಿದೆ.

"ಕೈಯಾಗಿನ ಕೆಲಸ ಬಿಟ್ಟು ಕುಂದರಬೇಕ್ರಿ. ಯಾರನರ ಕರದು, ತಡಾ ಮಾಡದ ದವಾಖಾನಿಗೆ ಹೋಗಬೇಕ್ರಿ," ಎಂದಳು.

ಒಂದೂ ತಪ್ಪಿರಲಿಲ್ಲ. ಅದನ್ನು ಕೇಳಿ ಖುಷಿಪಡಬೇಕಾದವರು ಬಾಗಿಲಲ್ಲಿ ಇರಲಿಲ್ಲ. ಕಣ್ಣೊರೆಸಿಕೊಂಡು ಮಷೀನು ಶುರು ಮಾಡಿದೆ.