ತಾನಾಗಿಯೇ ತಿರುಗುತ್ತಿದ್ದ ಫ್ಯಾನು

ಅದು ೨೦೦೭ರ ಬೇಸಿಗೆ. ಆಗ ನಾವು ಗಜೇಂದ್ರಗಡದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಮನೆಯವರು ನರೇಗಲ್ಲಿನ ಶಾಲೆಯೊಂದರಲ್ಲಿ ಮಾಸ್ತರರು. ಹಿಂದಿನ ವರ್ಷ ನಮ್ಮತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಮಾತೂ ಅರ್ಧಂಬರ್ಧ. ಇಡೀ ಓಣಿಗೆ ಕೇಳುವಂತೆ ಮಾತಾಡುತ್ತಿದ್ದ ಹೆಂಗಸು, ನೀರು ಬೇಕೆಂದರೂ ಲೋಟವನ್ನು ಮಂಚಕ್ಕೆ ಬಡಿಯಬೇಕಾಗಿತ್ತು.

ಅದನ್ನು ನೋಡಲಾಗದೆ ಮನೆಯವರು ಹುಬ್ಬಳ್ಳಿಯಿಂದ ಒಂದು ರಿಮೋಟ್ ಸೆಟ್ ತಂದು ತಾವೇ ಕೂಡಿಸಿದರು. ಒಂದು ಗುಂಡಿ ಒತ್ತಿದರೆ ಫ್ಯಾನು, ಇನ್ನೊಂದಕ್ಕೆ ಲೈಟು, ಮೂರನೆಯದಕ್ಕೆ ಅಡುಗೆಮನೆಯಲ್ಲಿ ಗಂಟೆ. ಅತ್ತೆ ಆ ರಿಮೋಟಿಗೆ ದಾರ ಕಟ್ಟಿಸಿ ಕೊರಳಿಗೆ ಹಾಕಿಕೊಂಡರು. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ಗೆಲುವು ಕಂಡೆ.

ಕೆಲವು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ತಾಪತ್ರಯ ಶುರುವಾಯಿತು. ತಿರುಗುವ ಫ್ಯಾನು ತಾನಾಗಿಯೇ ನಿಲ್ಲುವುದು, ಹಾಡುಹಗಲೇ ಲೈಟು ಹತ್ತುವುದು. ಗಂಟೆ ಕೇಳಿ ರೊಟ್ಟಿ ಬಡಿಯುವ ಕೈಯಲ್ಲೇ ಓಡಿಬಂದು "ಯಾಕ್ರಿ ಅತ್ತಿ?" ಎಂದರೆ, ಅವರು ತಾವು ಒತ್ತಿಯೇ ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದರು. ಮನೆಯವರು ಸೆಲ್ ಬದಲಿಸಿದರು, ಸಡಿಲ ವೈರು ಬಿಗಿಮಾಡಿದರು, ಗೋಡೆಗೆ ಹಾಕಿದ್ದ ರಿಮೋಟ್ ಸೆಟ್ಟಿನ ಡಬ್ಬಿಯನ್ನು ಟಿ.ವಿ.ಯಿಂದ ದೂರ ಸರಿಸಿದರು, ಕೊನೆಗೆ ವೋಲ್ಟೇಜನ್ನು ಬೈದರು. ಯಾವುದಕ್ಕೂ ಅದು ಬಗ್ಗಲಿಲ್ಲ. ಎದುರುಮನೆಯ ಅಜ್ಜಿ, "ಮನಿಗೆ ಗಾಳಿ ಸೋಕೈತಿ, ನಿಂಬಿಹಣ್ಣ ಕಟ್ರಿ" ಅಂದಳು. ಮನೆಯವರು ನಕ್ಕರು. ನಾನು ಮಾತ್ರ ಅವರಿಗೆ ಕಾಣದಂತೆ ಒಂದು ಕಟ್ಟಿಯೇಬಿಟ್ಟೆ.

ಒಂದು ಮಧ್ಯಾಹ್ನ ಜೋಳದ ಹಿಟ್ಟು ತೀರಿತ್ತು. ಅತ್ತೆಗೆ ನಿದ್ದೆ ಹತ್ತಿದ್ದನ್ನು ನೋಡಿ, ಚಿಲಕ ಹಾಕದೆ ಬಾಗಿಲು ಮುಂದೆ ಮಾಡಿಕೊಂಡು ಗಿರಣಿಗೆ ಹೋದೆ. ಅಲ್ಲಿ ಪಾಳಿ ದೊಡ್ಡದಿತ್ತು. ತಿರುಗಿ ಬಂದಾಗ ಬಾಗಿಲು ಹಾರುಹೊಡೆದಿತ್ತು. ಒಳಗೆ, ನಾನೆಂದೂ ನೋಡಿರದ ಒಬ್ಬ ಹೆಂಗಸು ನೆಲದ ಮೇಲೆ ಕೂತು, ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಣೆಗೆ ತನ್ನ ಸೆರಗು ಒತ್ತಿಹಿಡಿದಿದ್ದಳು. ಸೆರಗು ರಕ್ತವಾಗಿತ್ತು.

"ಯಾರ್ರಿ ನೀವು? ಏನಾತು?" ಎಂದು ಚೀರಿದೆ.

"ಹೆದರಬ್ಯಾಡ್ರಿ ಅಕ್ಕಾರ. ಅಮ್ಮಾರು ಮಂಚದಿಂದ ಬಿದ್ದಿದ್ರು. ಮಾರಿ ನೆಲಕ್ಕ ಒತ್ತಿ ಉಸಿರಾಡಾಕ ಆಗವಲ್ದಾಗಿತ್ತು. ಈಗ ಉಸಿರು ಚಲೋ ಆಗೇತಿ. ಮೊದಲ ದವಾಖಾನಿಗೆ ಹೋಗೂಣ, ಲಗೂ ನಡೀರಿ."

ಆಟೋ ಕರೆದು ತಂದವಳೂ ಅವಳೇ. ಹಣೆಗೆ ಹೊಲಿಗೆ ಹಾಕಿದ ಡಾಕ್ಟರು, "ಇನ್ನೂ ತಡ ಆಗಿದ್ರ ಕಠಿಣ ಇತ್ತು" ಅಂದರು.

ದವಾಖಾನೆಯ ಬೆಂಚಿನ ಮೇಲೆ ಕೂತಾಗ ತನ್ನ ಹೆಸರು ಮೆಹರುನ್ನಿಸಾ ಎಂದಳು. ಹಿಂದಿನ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದವರು. ಗಂಡ ಸಂತೆಗಳಲ್ಲಿ ಬಳೆ ಮಾರುತ್ತಾನೆ. "ಅತ್ತಿ ಬಿದ್ದದ್ದು ನಿಮಗ ಹ್ಯಾಂಗ ಗೊತ್ತಾತು?" ಎಂದು ಕೇಳಿದೆ.

"ನಮ್ಮ ಮನಿಯಾಗೂ ಅಮ್ಮಾರ ಕೊರಳಾಗಿನಂಥಾದ ರಿಮೋಟ್ ಐತ್ರಿ. ಹಾಕಿಸಿದಾಗಿಂದ ಫ್ಯಾನ್ ತಾನ ಹತ್ತತೈತಿ, ತಾನ ಆರತೈತಿ. ಈ ಮನಿ ಚಲೋ ಇಲ್ಲ, ಬಿಡೂಣ ಅಂತ ನಮ್ಮನಿಯವ್ರು ಗಂಟ ಬಿದ್ದಿದ್ರು. ಇವತ್ತ ನೋಡ್ರಿ, ರಿಮೋಟ್ ಟೇಬಲ್ ಮ್ಯಾಲ ಐತಿ, ಗಂಟಿ ಮಾತ್ರ ನಿಲ್ಲವಲ್ದು. ಅಂಜಿ ಹೊರಗ ಓಡಿಬಂದೆ. ನಿಮ್ಮ ಅಡಗಿಮನಿ ಕಿಡಕ್ಯಾಗೂ ಅಂಥಾದ ಗಂಟಿ ಕೇಳ್ತು. ನಮ್ದು ನಿಂತ್ರ ಅದೂ ನಿಲ್ತಿತ್ತು, ನಮ್ದು ಹೊಡದ್ರ ಅದೂ ಹೊಡೀತಿತ್ತು. ಯಾರೋ ಕರ್ಯಾಕತ್ತಾರ ಅನ್ನಿಸ್ತು, ಬಂದೆ."

ಅತ್ತೆ ಬಿದ್ದಲ್ಲಿಂದಲೇ ಎಡಗೈಯಲ್ಲಿ ಗುಂಡಿ ಒತ್ತುತ್ತಲೇ ಇದ್ದರು.

ಸಂಜೆ ಅತ್ತೆಯನ್ನು ಮನೆಗೆ ಕರೆತಂದ ಮೇಲೆ, ಮನೆಯವರು ಎರಡೂ ಮನೆಯ ಡಬ್ಬಿ ಬಿಚ್ಚಿ ನೋಡಿದರು. ಯಾವ ರಿಮೋಟಿಗೆ ಓಗೊಡಬೇಕೆಂದು ಗೊತ್ತುಮಾಡುವ ಒಳಗಿನ ಪುಟ್ಟ ಪುಟ್ಟ ಸ್ವಿಚ್ಚುಗಳು ಎರಡರಲ್ಲೂ ಒಂದೇ ರೀತಿ ಕೂತಿದ್ದವು. ಹಾಗಾಗಿ ಅವರ ಗುಂಡಿ ನಮ್ಮ ಡಬ್ಬಿಗೆ, ನಮ್ಮ ಗುಂಡಿ ಅವರ ಡಬ್ಬಿಗೆ ತಾಗುತ್ತಿತ್ತು. "ಇಷ್ಟ ನೋಡು! ನಮ್ಮವು ಒಂಚೂರು ಬದಲಿ ಮಾಡಿದ್ರ ಮುಗೀತು" ಎಂದು ಸ್ಕ್ರೂಡ್ರೈವರ್ ತೆಗೆದರು. ಅತ್ತೆ ಮಲಗಿದಲ್ಲಿಂದಲೇ ಅವರ ಕೈ ಹಿಡಿದರು.

"ಬ್ಯಾಡ... ಅಕಿ... ಬರ್ತಾಳ."

ತನ್ನ ಡಬ್ಬಿ ತಂದುಕೊಟ್ಟು ಪಕ್ಕದಲ್ಲೇ ನಿಂತಿದ್ದ ಮೆಹರುನ್ನಿಸಾ ಅಂದಳು: "ಇರ್ಲಿ ಬಿಡ್ರಿ ಮಾಸ್ತರ. ನಮ್ಮ ಫ್ಯಾನು ಲೈಟು ಮೊದ್ಲಿನಂಗ ಗ್ವಾಡಿ ಸ್ವಿಚ್ಚಿಗೆ ಹಚ್ಚಿಕೊಡ್ರಿ. ನಮ್ಮ ರಿಮೋಟ್ ನಾ ಎತ್ತಿಡ್ತೀನಿ. ಗಂಟಿ ಒಂದು ನಮ್ಮನ್ಯಾಗ ಹಂಗ ಇರ್ಲಿ."

ಆಸೆಪಟ್ಟು ಹಾಕಿಸಿಕೊಂಡ ಹೊಸ ಸೌಕರ್ಯವನ್ನು ಅವಳು ಅಷ್ಟು ಸರಳವಾಗಿ ಬಿಟ್ಟುಕೊಟ್ಟಳು.

ಮುಂದೆ ಅತ್ತೆಗೆ ಧೈರ್ಯ ಬಂತು, ಸ್ವಲ್ಪ ತುಂಟತನವೂ ಬಂತು. ನಾನು ಮನೆಯಲ್ಲಿದ್ದಾಗಲೂ ಗುಂಡಿ ಒತ್ತುತ್ತಿದ್ದರು. ಮೆಹರುನ್ನಿಸಾ ಕೆಲಸ ಬಿಟ್ಟು ಬರುವಳು. ಅತ್ತೆಯ ತಲೆ ಬಾಚುತ್ತಾ, ಗಂಡ ಸಂತೆಯಿಂದ ತಂದ ಸುದ್ದಿ ಹೇಳುವಳು. "ನನಕಿಂತ ಅಕಿ ಮ್ಯಾಲ ಜೀವ ನಿಮಗ" ಎಂದು ನಾನು ಮುನಿಸಿಕೊಂಡರೆ ಅತ್ತೆ ಅರ್ಧ ಬಾಯಲ್ಲೇ ನಗುತ್ತಿದ್ದರು.

ಎರಡು ವರ್ಷದ ನಂತರ ಅತ್ತೆ ನಿದ್ದೆಯಲ್ಲೇ ಹೋದರು. ದಿನಕರ್ಮ ಮುಗಿದ ಮೇಲೆ ಮನೆಯವರು ಮೆಹರುನ್ನಿಸಾಳ ಫ್ಯಾನು, ಲೈಟನ್ನು ಮತ್ತೆ ರಿಮೋಟಿಗೆ ಜೋಡಿಸಿಕೊಟ್ಟರು. ಗಂಟೆ ಬಿಚ್ಚಲು ಹೋದಾಗ, "ಅದನ್ನ ಮುಟ್ಟಬ್ಯಾಡ್ರಿ, ಗ್ವಾಡಿ ಬೋಳ ಕಾಣತೈತಿ" ಎಂದು ಮುಖ ತಿರುಗಿಸಿಕೊಂಡಳು.

ಈಗ ನಾವು ರೋಣದಲ್ಲಿ ಸ್ವಂತ ಮನೆಯಲ್ಲಿದ್ದೇವೆ. ಲೈಟು, ಫ್ಯಾನು, ನೀರಿನ ಮೋಟಾರು ಎಲ್ಲವೂ ಮೊಬೈಲಿನಲ್ಲಿ. ಏನಾದರೂ ಕೆಟ್ಟರೆ ಮಗಳು ಕೂತಲ್ಲಿಂದಲೇ ಸರಿಮಾಡುತ್ತಾಳೆ. "ಈಗಿನವು ಬ್ಯಾರೆಯವ್ರ ಮನಿಗೆ ತಾಗಂಗಿಲ್ಲವ್ವಾ" ಅನ್ನುತ್ತಾಳೆ. ಖರೆ, ತಾಗುವುದಿಲ್ಲ. ಈ ಮನೆಗೆ ಬಂದು ಇಷ್ಟು ವರ್ಷವಾದರೂ ನಮ್ಮ ಹಿಂದಿನ ಓಣಿಯಲ್ಲಿ ಯಾರಿದ್ದಾರೆಂದು ನನಗಿನ್ನೂ ಗೊತ್ತಿಲ್ಲ.